ಬೇರು ಹಿಡಿಯೋ ಗ್ರಾಪಲ್: ಅಗಲ ನೋಡಿ ಮರುಳಾಗಬೇಡಿ

ನಮ್ಮ ಹಿರಿಯೂರು ಕಡೆ ಬಳ್ಳಾರಿ ಜಾಲಿ ಕೀಳಿಸಿ ಬೀಳು ಹೊಲ ಹಸನು ಮಾಡೋರು ಸುಮಾರು ಜನ ಇದ್ದೀವಿ. ಮುಂದೆ ಲೋಡರ್ ಹಾಕಿಸಿರೋರು, ಇದಕ್ಕೆ ಗ್ರಾಪಲ್ ತಗೊಂಡ್ರೆ ಹೆಂಗೆ ಅಂತ ಕೇಳ್ತಾರೆ. ನೋಡದೇ ಇರೋರಿಗೆ ಹೇಳ್ತೀನಿ. ಬಕೆಟ್ ಜಾಗದಲ್ಲಿ ಕೂರೋ ಕಬ್ಬಿಣದ ಪಂಜ ಅದು. ಕೆಳಗೆ ಹಲ್ಲು, ಮೇಲೆ ಮುಚ್ಚೋ ದವಡೆ. ಬೇರು, ಮುಳ್ಳುಕೊಂಬೆ ಕಚ್ಚಿ ಎತ್ತುತ್ತೆ, ಮಣ್ಣು ಹಲ್ಲಿನ ಸಂದಿಯಿಂದ ಉದುರುತ್ತೆ.

ಅದರ ಲಾಭ ಇರೋದೇ ಆ ಉದುರೋ ಮಣ್ಣಲ್ಲಿ. ಬಕೆಟ್‌ನಲ್ಲಿ ತಳ್ಳಿ ಬದುವಿಗೆ ರಾಶಿ ಹಾಕಿದ ಹೊಲ ಹೋಗಿ ನೋಡಿ. ರಾಶೀಲಿ ಮುಳ್ಳು ಎಷ್ಟೋ ಮಣ್ಣೂ ಅಷ್ಟೇ ಇರುತ್ತೆ. ಆಮೇಲೆ ಅದಕ್ಕೇ ಬೆಂಕಿ ಹಚ್ತಾರೆ. ನಮ್ಮ ಕೆಂಪು ಹೊಲದಲ್ಲಿ ಒಳ್ಳೆ ಮಣ್ಣು ಗೇಣುದ್ದ ಇದ್ರೆ ಪುಣ್ಯ, ಕೆಳಗೆ ಬರೀ ಗರಸು. ಆ ಗೇಣು ಮಣ್ಣನ್ನ ಬದುವಿಗೆ ಗುಡ್ಡೆ ಹಾಕಿ, ಶೇಂಗಾ ಏಳಲಿಲ್ಲ ಅಂತ ಬೀಜದಂಗಡಿಯೋನನ್ನ ಬೈದ್ರೆ ಏನು ಬಂತು?

ಹಂಗಂತ ಗ್ರಾಪಲ್ ಬುಡ ಕೀಳೋ ಮಿಷನ್ ಅಲ್ಲ. ಮಾರೋರು ವೀಡಿಯೋ ತೋರಿಸ್ತಾರೆ, ನಂಬಬೇಡಿ. ಜಾಲಿ ಬೇರು ಆಳಕ್ಕೆ ಇಳಿದಿರುತ್ತೆ. ನೆಲಮಟ್ಟಕ್ಕೆ ಕಡಿದ್ರೆ ಒಂದರ ಜಾಗದಲ್ಲಿ ಹತ್ತು ಕವಲು ಚಿಗುರುತ್ತೆ, ಬುಡದ ಗಡ್ಡೆ ಸಮೇತ ಹೊರಗೆ ಬರಬೇಕು. ಗ್ರಾಪಲ್ಲಿನ ಮೂಲೆ ಹಲ್ಲು ಬುಡಕ್ಕೆ ಸಿಗಿಸಿ ಟ್ರ್ಯಾಕ್ಟರ್ ನುಗ್ಗಿಸಿದ್ರೆ ಲೋಡರ್ ತೋಳೇ ತಿರುಚಿಕೊಳ್ಳುತ್ತೆ. ಕೀಳೋ ಕೆಲಸ ಜೆಸಿಬಿಯ ಹಿಂದಿನ ತೋಳಿಗೆ ಬಿಡಿ, ಗಂಟೆ ಲೆಕ್ಕದಲ್ಲಿ ಮುಗಿಸಿ ಕಳಿಸಿ. ಕಿತ್ತ ಬುಡ ನಾಲ್ಕು ದಿನ ಬಿಸಿಲಲ್ಲಿ ಬಿದ್ದಿರಲಿ. ಮಣ್ಣು ಒಣಗಿದ ಮೇಲೆ ಎತ್ತಿ ಒದರಿದ್ರೆ ಹೊಲದಲ್ಲೇ ಉದುರುತ್ತೆ. ಆಯೋದು, ಸಾಗಿಸೋದು, ಅದು ಗ್ರಾಪಲ್ ಕೆಲಸ.

ಇನ್ನು ಯಾವುದು ತಗೋಬೇಕು? ಎಲ್ಲರೂ ಅಗಲದ್ದೇ ಕೇಳ್ತಾರೆ. ಅಗಲ ಜಾಸ್ತಿ ಆದಷ್ಟು ಕಬ್ಬಿಣದ ತೂಕ ಜಾಸ್ತಿ, ಆ ತೂಕ ನಿಮ್ಮ ಲೋಡರ್ ಎತ್ತೋ ಲೆಕ್ಕದಲ್ಲೇ ಕಳೆಯುತ್ತೆ. ಲೋಡರ್ 500 ಕೆಜಿ ಎತ್ತುತ್ತೆ, ಗ್ರಾಪಲ್ಲೇ 200 ಕೆಜಿ ಇದೆ ಅಂದ್ಕೊಳ್ಳಿ. ಉಳಿದಿದ್ದು 300. ಹಸಿ ಬುಡ ಹಲ್ಲಿನ ತುದಿಯಲ್ಲಿ ಕೂತ್ರೆ ಅಷ್ಟೂ ಏಳಲ್ಲ. ನಮ್ಮ 40 ಎಚ್‌ಪಿ ಟ್ರ್ಯಾಕ್ಟರಿಗೆ ಟೈರಿಂದ ಟೈರಿಗೆ ಎಷ್ಟು ಅಗಲವೋ ಅಷ್ಟು ಸಾಕು, ಹಗುರ ಇದ್ದಷ್ಟೂ ಒಳ್ಳೇದು. ದುಡ್ಡು ಜಾಸ್ತಿ ಹಾಕೋದಾದ್ರೆ ಬೇರೆ ಬೇರೆ ಮುಚ್ಚೋ ಎರಡು ದವಡೆ ಇರೋದಕ್ಕೆ ಹಾಕಿ. ಬುಡ ಒಂದು ಕಡೆ ದಪ್ಪ ಒಂದು ಕಡೆ ಸಣ್ಣ ಇರುತ್ತಲ್ಲ, ಒಂದೇ ದವಡೆಯಾದ್ರೆ ದಪ್ಪದ ಕಡೆ ತಗಲಿ ನಿಂತುಬಿಡುತ್ತೆ.

ದವಡೆಗೆ ಬೇರೆ ಹೈಡ್ರಾಲಿಕ್ ಲೈನ್ ಬೇಕು, ಅದು ರೇಟಲ್ಲಿ ಸೇರಿದೆಯಾ ಅಂತ ಮೊದಲೇ ಕೇಳಿ. ಹಿಂದೆ ತ್ರೀ ಪಾಯಿಂಟಿಗೆ ಭಾರ ಕಟ್ಟದೆ ಓಡಿಸಲೇಬೇಡಿ. ಮುಂದಿನ ಆಕ್ಸಲ್ಲಿಗೆ ಪೆಟ್ಟು ಬೀಳುತ್ತೆ, ಹಿಂದಿನ ಚಕ್ರ ಹಗುರಾದ್ರೆ ಬ್ರೇಕೂ ಹಿಡಿಯಲ್ಲ. ಇಳಿಜಾರಲ್ಲಿ ಪ್ರಾಣಕ್ಕೇ ಬರುತ್ತೆ. ಹೊರೆ ಯಾವಾಗಲೂ ನೆಲದ ಹತ್ತಿರ ಇರಲಿ.

ಐದು ಎಕರೆಯೋರು ಒಬ್ಬರೇ ಸಾಲ ಮಾಡಿ ಇದನ್ನ ತರೋದು ನನಗೆ ಒಪ್ಪಿಗೆ ಇಲ್ಲ. ಹೊಲ ಹಸನಾದ ಮೇಲೆ ಅದರ ಮೇಲೆ ಕೋಳಿ ಕೂರುತ್ತೆ, ಕಂತು ಮಾತ್ರ ನಿಲ್ಲಲ್ಲ. ಲೋಡರ್ ಇಲ್ಲದೋರು ವೆಲ್ಡಿಂಗ್ ಅಂಗಡೀಲಿ ಗಟ್ಟಿ ಹಲ್ಲಿನ ಕುಂಟೆ ಮಾಡಿಸಿ ಹಿಂದೆ ಕಟ್ಕೊಳ್ಳಿ, ಸಣ್ಣಬೇರು ಎಳೆಯೋಕೆ ಅದೇ ಸಾಕು. ಲೋಡರ್ ಇರೋರು ನಾಲ್ಕೈದು ಜನ ಸೇರಿ ಒಂದು ತರೋದಾದ್ರೆ ನಾನೂ ಪಾಲು ಹಾಕ್ತೀನಿ. ಅಂಗಡಿಗೆ ಹೋಗೋ ಮುಂಚೆ ಲೋಡರ್ ಜೊತೆ ಕೊಟ್ಟ ಪುಸ್ತಕ ಹುಡುಕಿಟ್ಟಿರಿ, ಎಷ್ಟು ತೂಕ ಎತ್ತುತ್ತೆ ಅನ್ನೋದನ್ನ ಅದರಲ್ಲೇ ನೋಡ್ಕೊಂಡು ಹೋಗೋಣ.