ಒಲೆಯ ಮುಂದೆ ನಿಂತವರ ಹೆಸರೇಕೆ ಬೇಕು?

ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಅಡುಗೆಮನೆಯ ದುರಸ್ತಿ ನಡೆದಿತ್ತು. ಪುಣೆಯಿಂದ ರಜೆಯ ಮೇಲೆ ಹೋಗಿದ್ದ ನಮಗೆ ಹತ್ತು ದಿನಗಳ ಕಾಲ ಮಧ್ಯಾಹ್ನದ ಊಟ ಹೊರಗೇ ಆಯಿತು. ಮೊದಲನೆಯ ದಿನ ನನ್ನ ಪತ್ನಿ, ಇಬ್ಬರು ಮಕ್ಕಳು, ಎಪ್ಪತ್ತು ದಾಟಿದ ಅವ್ವ ಮತ್ತು ಕಾಕಾ ಅವರೊಡನೆ ಊರಿನವರೇ ನಡೆಸುವ ಒಂದು ಹಳೆಯ ಖಾನಾವಳಿಗೆ ಹೋದೆವು. ನಾವು ಜೈನರೆಂದು ತಿಳಿದ ಕೂಡಲೇ ಗಲ್ಲೆಯ ಮೇಲೆ ಕುಳಿತಿದ್ದ ಮಾಲೀಕರು ಎದ್ದುಬಂದು ತಾವಾಗಿಯೇ ಹೇಳಿದರು: “ಹೆಸರಕಾಳ ಪಲ್ಯಾ, ಮೆಂತೆ ಪಚಡಿ, ಮೊಸರು ನಿಮಗ ನಡಿತಾವ್ರೀ. ಎಣ್ಣಿಗಾಯಿಗೆ ಉಳ್ಳಾಗಡ್ಡಿ ಹಾಕೀವಿ. ಶೇಂಗಾ ಹಿಂಡಿಯೊಳಗ ಬಳ್ಳೊಳ್ಳಿ ಐತಿ, ಅದನ್ನ ಬಡಸಾಕ ಬಂದ್ರ ಬ್ಯಾಡ ಅನ್ರಿ.”

ಇಷ್ಟು ನೇರವಾದ ಉತ್ತರವನ್ನು ನಾನು ಪುಣೆಯ ಯಾವ ಹವಾನಿಯಂತ್ರಿತ ಹೋಟೆಲಿನಲ್ಲೂ ಕೇಳಿಲ್ಲ. ಎಲೆ ಹಾಕುವುದರೊಳಗೆ ಕಾಕಾ ಮತ್ತೊಂದು ಪ್ರಶ್ನೆ ಹಾಕಿದರು: “ಒಳಗ ರೊಟ್ಟಿ ಬಡಿಯಾವ್ರು ಯಾವ ಮಂದಿ?”

ಮಾಲೀಕರು ಒಂದು ಕ್ಷಣ ಸುಮ್ಮನಿದ್ದರು. “ಹೆಣ್ಣಮಕ್ಕಳು ಅದಾರ್ರೀ” ಎಂದಷ್ಟೇ ಹೇಳಿ ಗಲ್ಲೆಗೆ ಮರಳಿದರು. ಕಾಕಾ ಆ ದಿನ ಮೊಸರನ್ನಷ್ಟೇ ಉಂಡರು. ಹಿರಿಯರ ಮಾತಿಗೆ ಎದುರಾಡಬಾರದೆಂಬ ಸಂಕೋಚದಿಂದ ನಾನೂ ಬಾಯಿ ಬಿಡಲಿಲ್ಲ. ಆ ಮೌನವೇ ಈ ಲೇಖನಕ್ಕೆ ಕಾರಣ. (ಮಾಲೀಕರು ಯಾವ ಸಮುದಾಯದವರೆಂಬುದು ನನಗೆ ಗೊತ್ತು. ಇಲ್ಲಿ ಬರೆಯುವುದಿಲ್ಲ.)

ಆ ಐದು ನಿಮಿಷಗಳಲ್ಲಿ ನಮ್ಮ ಪಂಕ್ತಿಯಲ್ಲಿ ಎರಡು ಪ್ರಶ್ನೆಗಳಿದ್ದವು. ಎಲೆಯ ಮೇಲೆ ಏನು ಬೀಳುತ್ತದೆ ಎಂಬುದು ಒಂದು. ಅದು ವ್ರತಕ್ಕೆ, ಜೀವದಯೆಗೆ ಸಂಬಂಧಿಸಿದ್ದು. ಕಂದಮೂಲದಲ್ಲಿ ಅನಂತ ಜೀವರಾಶಿಯಿದೆ ಎಂದು ನಂಬಿದವನು ಆ ಪ್ರಶ್ನೆಯನ್ನು ಕೇಳಲೇಬೇಕು. ಬದನೆಯನ್ನು ಬಹುಬೀಜವೆಂದು ಬಿಟ್ಟವರು ಅದನ್ನೂ ಕೇಳಬೇಕು. ಅದನ್ನು ಬೇಯಿಸಿದವರು ಯಾವ ಹೊಟ್ಟೆಯಲ್ಲಿ ಹುಟ್ಟಿದರು ಎಂಬುದು ಎರಡನೆಯದು. ಮೊದಲನೆಯದರ ನೆರಳಿನಲ್ಲಿ ಎರಡನೆಯದನ್ನು ಕೇಳುವುದು ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಎರಡೂ ಒಂದೇ ಎಂದು ನಮ್ಮ ಮಕ್ಕಳು ತಿಳಿಯುವಂತಾಗಿದೆ. ಊಟ ಮುಗಿಸಿ ಹೊರಗೆ ಬಂದ ಮೇಲೆ ನನ್ನ ಮಗಳು, “ಅಪ್ಪಾ, ರೊಟ್ಟಿಯಲ್ಲೂ ಈರುಳ್ಳಿ ಇರುತ್ತದೆಯೇ?” ಎಂದು ಕೇಳಿದಳು.

ಇದನ್ನು ನಮ್ಮ ಮನೆಯ ಸಣ್ಣ ಸಂಗತಿಯೆಂದು ಬಿಟ್ಟುಬಿಡಬಹುದಿತ್ತು. ಆದರೆ ಇಂದು ಇದೇ ಗೊಂದಲ ಸರ್ಕಾರಿ ಆದೇಶದ ರೂಪ ಪಡೆದಿದೆ. 2024ರ ಜುಲೈಯಲ್ಲಿ ಕಾಂವಡ ಯಾತ್ರೆಯ ಹೊತ್ತಿಗೆ, ಯಾತ್ರಾಮಾರ್ಗದ ಉಪಾಹಾರಗೃಹಗಳು ಮಾಲೀಕರ ಹೆಸರನ್ನು ಫಲಕದಲ್ಲಿ ಹಾಕಬೇಕೆಂದು ಮುಜಫ್ಫರನಗರದ ಪೊಲೀಸರು ಸೂಚಿಸಿದರು. ಉತ್ತರ ಪ್ರದೇಶ, ಉತ್ತರಾಖಂಡ ಸರ್ಕಾರಗಳು ಅದನ್ನೇ ವಿಸ್ತರಿಸಿದವು. ಸರ್ವೋಚ್ಚ ನ್ಯಾಯಾಲಯ ಜುಲೈ 22ರಂದು ಮಧ್ಯಂತರ ತಡೆ ನೀಡಿತು. ಆ ತಡೆಯಾಜ್ಞೆಯ ತಿರುಳನ್ನು ನಾವು ಗಮನಿಸಬೇಕು: ಯಾವ ಬಗೆಯ ಆಹಾರ ಬಡಿಸುತ್ತಾರೆಂಬುದನ್ನು ಹೋಟೆಲಿನವರು ತಿಳಿಸಬೇಕಾಗಬಹುದು, ಮಾಲೀಕರ, ನೌಕರರ ಹೆಸರುಗಳನ್ನು ಪ್ರದರ್ಶಿಸುವಂತೆ ಬಲವಂತ ಮಾಡುವಂತಿಲ್ಲ. ಆಹಾರ ಸುರಕ್ಷತಾ ಪರವಾನಗಿಯನ್ನು ಗೋಡೆಗೆ ಹಾಕುವುದು ಬೇರೆ ಮಾತು. ಅದು ಹೊಣೆಗಾರಿಕೆಗಾಗಿ ಇರುವುದು, ಗಿರಾಕಿಯು ಹೆಸರು ಓದಿ ಹಿಂದಿರುಗಲಿ ಎಂದಲ್ಲ.

ಅಂದಿನ ಚರ್ಚೆಯಲ್ಲಿ ನಮ್ಮ ಸಮಾಜದ ಅನೇಕ ವಾಟ್ಸಾಪ್ ಬಳಗಗಳು ಆದೇಶವನ್ನು ಬೆಂಬಲಿಸಿದವು. “ಶುದ್ಧ ಆಹಾರ ನಮ್ಮ ಹಕ್ಕು” ಎಂಬುದು ಅವರ ವಾದ. ಹಕ್ಕು ನಿಜ, ಆದರೆ ನ್ಯಾಯಾಲಯ ಎಳೆದ ಗೆರೆ ನಮ್ಮ ಹಕ್ಕಿನ ಪರವಾಗಿಯೇ ಇತ್ತು. ಏನು ಎಂಬುದನ್ನು ಕೇಳಲು ಅದು ಅಡ್ಡಿಪಡಿಸಲಿಲ್ಲ. ಯಾರು ಎಂಬುದನ್ನಷ್ಟೇ ತಡೆಯಿತು. ಐವತ್ತು ಲಕ್ಷದೊಳಗಿನ ಜನಸಂಖ್ಯೆಯ ಸಮುದಾಯವೊಂದು, ಗಿರಾಕಿಗಳು ಫಲಕದ ಹೆಸರು ನೋಡಿ ಅಂಗಡಿ ಹತ್ತುವ ಪದ್ಧತಿಯನ್ನು ಸ್ವಾಗತಿಸುವುದು ಲೆಕ್ಕಪರಿಶೋಧಕನಾದ ನನಗೆ ತೀರಾ ನಷ್ಟದ ವ್ಯವಹಾರವೆಂದು ತೋರುತ್ತದೆ. ನಮ್ಮಲ್ಲಿ ಅಂಗಡಿ ಇಟ್ಟವರೆಷ್ಟು ಮಂದಿ! ನಾಳೆ ನಮ್ಮ ಉಪನಾಮವನ್ನು ನೋಡಿ ಗಿರಾಕಿ ಮೆಟ್ಟಿಲಿಳಿದರೆ ಯಾವ ನ್ಯಾಯಾಲಯಕ್ಕೆ ಹೋಗುವುದು?

ಈ ದೇಶದ ಹೋಟೆಲುಗಳಿಗೆ ಈ ರೋಗ ಹೊಸದಲ್ಲ. ಹಿಂದೆ ಅನೇಕ ಊರುಗಳ ಉಪಾಹಾರಗೃಹಗಳಲ್ಲಿ ಬ್ರಾಹ್ಮಣರಿಗೆ ಬೇರೆ ಪಂಕ್ತಿ, ಉಳಿದವರಿಗೆ ಬೇರೆ ಪಂಕ್ತಿ ಇರುತ್ತಿತ್ತು. ಚೆನ್ನೈಯಲ್ಲಿರುವ ನಮ್ಮ ಓದುಗರು ತಿರುವಲ್ಲಿಕೇಣಿಯ ಕೆಫೆಯೊಂದರ ಫಲಕದಲ್ಲಿದ್ದ ‘ಬ್ರಾಹ್ಮಣಾಳ್’ ಎಂಬ ಪದದ ವಿರುದ್ಧ 1957ರಲ್ಲಿ ಪೆರಿಯಾರ್ ನಡೆಸಿದ ಚಳವಳಿಯನ್ನು ಕೇಳಿ ಬಲ್ಲರು. ಸಂವಿಧಾನವನ್ನು ರಚಿಸಿದವರು ಇದನ್ನೆಲ್ಲ ಕಂಡಿದ್ದರು. ಆದ್ದರಿಂದಲೇ 15ನೆಯ ವಿಧಿಯ ಎರಡನೆಯ ಖಂಡದಲ್ಲಿ ಬಾವಿ, ಕೆರೆ, ರಸ್ತೆಗಳ ಜೊತೆಗೆ ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲುಗಳನ್ನು ಹೆಸರಿಸಿ ಬರೆದರು. ಗಿರಾಕಿಯ ಜಾತಿಯನ್ನು ಹೋಟೆಲಿನವನು ಕೇಳುವಂತಿಲ್ಲ ಎಂದಾದ ಮೇಲೆ, ಹೋಟೆಲಿನವನ ಜಾತಿಯನ್ನು ಗಿರಾಕಿ ಕೇಳುವುದು ಯಾವ ನ್ಯಾಯ?

ಶೋಧದ ಊಟದ ಮಾತನ್ನು ಇಲ್ಲಿ ಕೆಲವರು ಎತ್ತುತ್ತಾರೆ. ನೀರು ಸೋಸುವುದರಿಂದ ಹಿಡಿದು ಧಾನ್ಯ ಬೀಸುವವರೆಗೆ ಎಲ್ಲವನ್ನೂ ಮರ್ಯಾದೆಯೊಳಗೆ ಮಾಡಿದ ಆಹಾರವನ್ನಷ್ಟೇ ಸ್ವೀಕರಿಸುವ ವ್ರತಿಗಳು, ಪ್ರತಿಮಾಧಾರಿಗಳು ನಮ್ಮಲ್ಲಿದ್ದಾರೆ. ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಅವರು ಖಾನಾವಳಿಯ ಮೆಟ್ಟಿಲನ್ನೇ ಹತ್ತುವುದಿಲ್ಲ. ಹೊರಗೆ ಉಣ್ಣಲು ಒಪ್ಪಿ ಬಂದು ಕುಳಿತವನು ಆ ಮಟ್ಟದ ಶೋಧವನ್ನು ಮನೆಯಲ್ಲೇ ಇಟ್ಟು ಬಂದಿದ್ದಾನೆ. ನಲ್ಲಿಯ ನೀರು, ಅಂಗಡಿಯ ಹಿಟ್ಟು, ಹೆಸರರಿಯದ ಗಿರಣಿಯ ಎಣ್ಣೆ, ಇವೆಲ್ಲವನ್ನೂ ಒಪ್ಪಿದ ಮೇಲೆ ರೊಟ್ಟಿ ಬಡಿಯುವ ಕೈಯೊಂದೇ ಅಶುದ್ಧವಾಗುವುದು ಹೇಗೆ? ಅಲ್ಲಿ ವ್ರತವಿಲ್ಲ, ವ್ರತದ ಹೆಸರಿದೆ. ನಾಲ್ಕು ದಾನಗಳಲ್ಲಿ ಆಹಾರದಾನವನ್ನು ಮೊದಲು ಹೇಳುವ ಪರಂಪರೆ ನಮ್ಮದು. ಜೈನ ಮನೆತನದ ಆಡಳಿತದಲ್ಲಿರುವ ಧರ್ಮಸ್ಥಳದ ಅನ್ನಪೂರ್ಣ ಭೋಜನಶಾಲೆಯಲ್ಲಿ ನಿತ್ಯವೂ ಸಾವಿರಾರು ಮಂದಿ ಒಟ್ಟಿಗೆ ಕುಳಿತು ಉಣ್ಣುತ್ತಾರೆ. ಬಡಿಸುವಾಗ ಕೇಳದ ಜಾತಿಯನ್ನು ಉಣ್ಣುವಾಗ ಕೇಳುವುದು ವಿಚಿತ್ರ.

ಮತ್ತೊಂದು ಆಕ್ಷೇಪಕ್ಕೆ ತೂಕವಿದೆ. ಹೋಟೆಲಿನವರ ಮಾತನ್ನು ನಂಬುವುದು ಹೇಗೆ? ಪುಣೆಯಲ್ಲಿ ನಾನು ಲೆಕ್ಕ ನೋಡುವ ಒಬ್ಬ ಹೋಟೆಲು ಮಾಲೀಕರು ವರ್ಷಗಳ ಪರಿಚಯದ ಸಲುಗೆಯಿಂದ ಒಮ್ಮೆ ಒಪ್ಪಿಕೊಂಡದ್ದುಂಟು: ಅವರ ಪಟ್ಟಿಯಲ್ಲಿ ‘ಜೈನ’ ಎಂದು ಬರೆದ ಪನೀರಿಗೂ ಬರೆಯದ ಪನೀರಿಗೂ ಬುಡದ ಗ್ರೇವಿ ಬಹುಕಾಲ ಒಂದೇ ಆಗಿತ್ತು, ಮೇಲಿನ ಒಗ್ಗರಣೆ ಮಾತ್ರ ಬೇರೆ. ಬೆಳಿಗ್ಗೆ ಒಂದೇ ದೊಡ್ಡ ಪಾತ್ರೆಯಲ್ಲಿ ಈರುಳ್ಳಿ, ಟೊಮೆಟೊ ಹುರಿದು ಅರೆದಿಟ್ಟರೆ ದಿನವಿಡೀ ಹತ್ತು ಪದಾರ್ಥಗಳಿಗೆ ಅದೇ ಆಧಾರ. ಪ್ಯಾಕೆಟ್ಟಿನ ಮೇಲಿನ ಹಸಿರು ಚುಕ್ಕೆಯೂ ನಮ್ಮ ನೆರವಿಗೆ ಬರುವುದಿಲ್ಲ. ಬೆಳ್ಳುಳ್ಳಿಯೂ ಹಸಿರೇ, ಆಲೂಗಡ್ಡೆಯೂ ಹಸಿರೇ. ಆದ್ದರಿಂದ ‘ಜೈನ ಆಗುತ್ತದೆಯೇ?’ ಎಂಬ ಸೋಮಾರಿ ಪ್ರಶ್ನೆಯನ್ನು ಬಿಟ್ಟು, ‘ಇದರ ಗ್ರೇವಿಗೆ ಏನು ಅರೆದಿದ್ದೀರಿ? ಕರಿಯುವ ಎಣ್ಣೆ ಬೇರೆಯೇ? ಸೌಟು ಬೇರೆಯೇ?’ ಎಂದು ಕೇಳಬೇಕು. ಮಾಂಸಾಹಾರವನ್ನೂ ಬೇಯಿಸುವಲ್ಲಿ ಪಾತ್ರೆಯ ವಿಷಯವನ್ನೂ ಕೇಳಿ. ಒಪ್ಪಿಗೆಯಾಗದಿದ್ದರೆ ಎದ್ದು ಬನ್ನಿ. ಯಾರಿಗೂ ಅವಮಾನವಿಲ್ಲ.

ಸ್ಥಳೀಯ ಮಾಲೀಕನ ಬೆಲೆ ತಿಳಿಯುವುದು ಇಲ್ಲಿಯೇ. ಹತ್ತು ನಗರಗಳಲ್ಲಿ ಶಾಖೆಗಳಿರುವ ಹೋಟೆಲಿನಲ್ಲಿ ಬಡಿಸುವ ಹುಡುಗನಿಗೆ ಗ್ರೇವಿಯಲ್ಲಿ ಏನಿದೆಯೆಂದು ತಿಳಿದಿರುವುದಿಲ್ಲ. ತಿಳಿದವನು ಮತ್ತೊಂದು ಊರಿನ ಕೇಂದ್ರ ಅಡುಗೆಮನೆಯಲ್ಲಿರುತ್ತಾನೆ. ಮೊಬೈಲಿನ ಆ್ಯಪಿನಲ್ಲಿ ‘ಜೈನ’ ಎಂಬ ಚೌಕಕ್ಕೆ ಗುರುತು ಹಾಕಿ ನಿಶ್ಚಿಂತರಾಗುವ ನಾವು ಯಾರನ್ನು ನಂಬಿದೆವೆಂದು ನಮಗೇ ಗೊತ್ತಿರುವುದಿಲ್ಲ. ಖಾನಾವಳಿಯಲ್ಲಿ ಉತ್ತರ ಹೇಳುವವನೂ, ನಾಳೆಯಿಂದ ಬದಲಿಸಬಲ್ಲವನೂ, ಸುಳ್ಳು ಹೇಳಿದರೆ ಊರಿನಲ್ಲಿ ತಲೆ ತಗ್ಗಿಸಬೇಕಾದವನೂ ಒಬ್ಬನೇ. ಅವನು ನಮ್ಮೆದುರಿನ ಗಲ್ಲೆಯಲ್ಲಿ ಕುಳಿತಿರುತ್ತಾನೆ. ಇಂಥವನನ್ನು ಜಾತಿ ಕೇಳಿ ದೂರ ಮಾಡಿಕೊಂಡರೆ ನಷ್ಟ ಅವನಿಗಿಂತ ನಮಗೇ ಹೆಚ್ಚು.

ರಾತ್ರಿಭೋಜನ ತ್ಯಾಗದ ವಿಷಯದಲ್ಲಿ ಒಂದು ಸಣ್ಣ ಲೆಕ್ಕವನ್ನು ಮುಂದಿಡುತ್ತೇನೆ. ನಮ್ಮ ಭಾಗದ ಖಾನಾವಳಿಗಳು ಮಧ್ಯಾಹ್ನದ ಊಟ ಮುಗಿಸಿ ಮೂರೂವರೆ, ನಾಲ್ಕಕ್ಕೆ ಒಲೆ ಆರಿಸಿದರೆ ಮತ್ತೆ ಹೊತ್ತಿಸುವುದು ಏಳರ ಸುಮಾರಿಗೆ. ಸೂರ್ಯಾಸ್ತಕ್ಕೆ ಮುನ್ನ ಉಣ್ಣಬೇಕಾದವರಿಗೆ ಆ ಹೊತ್ತಿನಲ್ಲಿ ಸಿಗುವುದು ಮಿರ್ಚಿ ಭಜಿ, ಗಿರ್ಮಿಟ್ಟು. ಗಿರ್ಮಿಟ್ಟಿಗೂ ಉಳ್ಳಾಗಡ್ಡಿ ಬಿಟ್ಟದ್ದಲ್ಲ. ಊರಿನ ಆರು ಕುಟುಂಬಗಳು ಸೇರಿ ಒಬ್ಬ ಮಾಲೀಕರಿಗೆ, “ಪ್ರತಿ ಶನಿವಾರ ಐದೂವರೆಗೆ ಬರುತ್ತೇವೆ” ಎಂದು ಮಾತು ಕೊಟ್ಟವೆನ್ನಿ. ಮನೆಗೆ ನಾಲ್ವರಂತೆ 24 ಊಟ. ಉದಾಹರಣೆಗಾಗಿ ಊಟಕ್ಕೆ 120 ರೂಪಾಯಿ, ಪದಾರ್ಥ ಮತ್ತು ಗ್ಯಾಸಿನ ವೆಚ್ಚ 60 ರೂಪಾಯಿ ಎಂದಿಟ್ಟುಕೊಳ್ಳೋಣ. ಕಟ್ಟಡದ ಬಾಡಿಗೆ ಹೇಗೂ ತೆತ್ತಾಗಿದೆ. ವಾರಕ್ಕೆ 1,440 ರೂಪಾಯಿ ಉಳಿಯುತ್ತದೆ, ವರ್ಷಕ್ಕೆ ಸುಮಾರು 75,000. ಸಣ್ಣ ಹೋಟೆಲಿನ ಪುಸ್ತಕದಲ್ಲಿ ಇದು ಕಡೆಗಣಿಸುವ ಮೊತ್ತವಲ್ಲ. ಆದರೆ ಆ ಹೊತ್ತು ರೊಟ್ಟಿ ಬಡಿಯುವ ಹೆಂಗಸರ ವಿಶ್ರಾಂತಿಯ ಹೊತ್ತೂ ಹೌದು. ಉಳಿದ ಹಣದಲ್ಲಿ ಅವರ ಕೈಗೂ ಒಂದು ಪಾಲು ಸೇರಬೇಕೆಂದು ನಾವೇ ಮೊದಲು ಹೇಳಬೇಕು. ಕೇಳುವುದಾದರೆ ಅವರ ಬಗ್ಗೆ ಕೇಳಬೇಕಾದ ಪ್ರಶ್ನೆ ಇದು: ಕೂಲಿ ಎಷ್ಟು, ಮನೆಗೆ ಹೋಗುವುದು ಎಷ್ಟು ಹೊತ್ತಿಗೆ?

ವೃತ್ತಿಯ ಅಭ್ಯಾಸದಿಂದ ಬಿಲ್ಲಿನ ಬಗ್ಗೆಯೂ ಎರಡು ಮಾತು. ನಮ್ಮವರು ಸಣ್ಣ ಹೋಟೆಲುಗಳಲ್ಲಿ ಜಿಎಸ್‌ಟಿ ಕುರಿತು ಜಗಳವಾಡುವುದನ್ನು ನೋಡಿದ್ದೇನೆ. ವಾರ್ಷಿಕ ವಹಿವಾಟು ಒಂದೂವರೆ ಕೋಟಿಯೊಳಗಿದ್ದು ಕಂಪೋಜಿಷನ್ ಯೋಜನೆಗೆ ಸೇರಿದ ಹೋಟೆಲು ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ, ವಹಿವಾಟಿನ ಶೇ. 5ನ್ನು ತನ್ನ ಜೇಬಿನಿಂದಲೇ ಕಟ್ಟುತ್ತದೆ. ಅಂಥಲ್ಲಿ ಬಿಲ್ಲಿನಲ್ಲಿ ತೆರಿಗೆ ಸೇರಿಸಿದ್ದರೆ ಪ್ರಶ್ನಿಸಿ. ಉಳಿದ ಸಾಮಾನ್ಯ ಹೋಟೆಲುಗಳು 2017ರ ನವೆಂಬರ್ 15ರಿಂದ ಶೇ. 5 ವಸೂಲಿ ಮಾಡುತ್ತವೆ. ಪ್ರತಿಯಾಗಿ ಹೂಡುವಳಿ ತೆರಿಗೆಯ ಜಮೆ ಅವುಗಳಿಗೆ ದೊರೆಯುವುದಿಲ್ಲ. ವಾಣಿಜ್ಯ ಸಿಲಿಂಡರಿನ ಮೇಲಿನ ಶೇ. 18 ಅವರಿಗೆ ಶುದ್ಧ ಖರ್ಚು. ಆ್ಯಪಿನ ಮೂಲಕ ತರಿಸಿದ ಊಟದಲ್ಲಿ ಕಮಿಷನ್ನೇ ನೂರಕ್ಕೆ ಇಪ್ಪತ್ತನ್ನು ದಾಟಿದ ಖಾತೆಗಳನ್ನು ನಾನು ನೋಡಿದ್ದೇನೆ. ನಡೆದು ಹೋಗಿ ಉಂಡರೆ ಆ ಹಣ ಊರಿನಲ್ಲೇ ಉಳಿಯುತ್ತದೆ. 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯನ್ನು ಲೆಕ್ಕಹಾಕಿ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳುಹಿಸಿದಾಗ ಎಷ್ಟೋ ಅಂಗಡಿಗಳಲ್ಲಿ ‘ನಗದು ಮಾತ್ರ’ ಎಂಬ ಚೀಟಿ ಅಂಟಿಕೊಂಡಿತು. ತೆರಿಗೆ ತಪ್ಪಿಸುವುದನ್ನು ನಾನು ಸಮರ್ಥಿಸಲಾರೆ. ಆದರೆ ನೋಂದಣಿಯ ಮಿತಿಯೇನೆಂದು ಮೊದಲು ತಿಳಿಹೇಳದೆ ಹಲವು ವರ್ಷಗಳ ಬಾಕಿಯನ್ನು ಒಮ್ಮೆಲೇ ಕೇಳಿದ ಆಡಳಿತದ ರೀತಿ ಸರಿಯಲ್ಲ. ನಮ್ಮಲ್ಲಿ ಲೆಕ್ಕಪರಿಶೋಧಕರಿಗೇನೂ ಬರವಿಲ್ಲ. ಊರಿಗೆ ಹೋದಾಗ ಒಂದು ಸಂಜೆ ಇಂಥವರ ಪುಸ್ತಕ ನೋಡಿಕೊಟ್ಟರೆ ಅದೂ ಒಂದು ದಾನವೇ.

ಎರಡನೆಯ ದಿನ ನಾನೊಬ್ಬನೇ ಆ ಖಾನಾವಳಿಗೆ ಹೋಗಿ ಹಿಂದಿನ ದಿನದ ಮಾತಿಗೆ ಕ್ಷಮೆ ಕೇಳಿದೆ. “ಹಿರೇರು, ಕೇಳ್ತಾರ್ರೀ. ದಿನಾ ಒಬ್ಬರರೆ ಕೇಳ್ತಾರ” ಎಂದರು ಮಾಲೀಕರು. ದಿನಾ ಒಬ್ಬರಾದರೂ! ಅವರೆಲ್ಲರೂ ನಮ್ಮವರಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ.

ಮುಂದಿನ ದಿನಗಳಲ್ಲಿ ಅವರೊಂದಿಗೆ ಒಂದು ಒಪ್ಪಂದವಾಯಿತು. ಅಷ್ಟಮಿ, ಚತುರ್ದಶಿಗಳಂದು ಬೆಳಿಗ್ಗೆ ಹತ್ತರೊಳಗೆ ಫೋನು ಮಾಡಿದರೆ ಶೇಂಗಾ ಹಿಂಡಿಯನ್ನು ಬೆಳ್ಳುಳ್ಳಿಯಿಲ್ಲದೆ ಬೇರೆ ಕುಟ್ಟಿಸಿ ಇಡುತ್ತಾರೆ. ಹಸಿರು ಸೊಪ್ಪನ್ನು ಬಿಟ್ಟವರಿಗೆ ಪಚಡಿಯ ಬದಲು ಸೌತೆಕಾಯಿ. ಅವ್ವ ಕಡೆಯ ನಾಲ್ಕು ದಿನ ನನ್ನೊಡನೆ ಬಂದು ಎರಡೆರಡು ರೊಟ್ಟಿ ಉಂಡರು. ಒಂದು ದಿನ ಒಳಗೆ ಹೋಗಿ ರೊಟ್ಟಿ ಬಡಿಯುವವರೊಡನೆ ಹಿಟ್ಟಿನ ಹದದ ಬಗ್ಗೆ ಅರ್ಧ ತಾಸು ಮಾತಾಡಿ ಬಂದರು. ಕಾಕಾ ಇನ್ನೂ ಬಂದಿಲ್ಲ. ದೀಪಾವಳಿಗೆ ಹೋದಾಗ ಮತ್ತೆ ಕರೆಯುವವನಿದ್ದೇನೆ.