ವಾಟರ್ ಬ್ಲಾಕಿನ ಒರೆಗಲ್ಲು

ಗಣಕಯಂತ್ರದ ಪ್ರೊಸೆಸರಿನ ಶಾಖವನ್ನು ನೀರಿಗೆ ದಾಟಿಸುವ ತಾಮ್ರದ ವಾಟರ್ ಬ್ಲಾಕ್ ಹೊಸದಾಗಿ ಬಂದಾಗಲೆಲ್ಲ, ‘ಹಳೆಯದಕ್ಕಿಂತ ಇಷ್ಟು ಡಿಗ್ರಿ ತಂಪು’ ಎಂಬ ಘೋಷಣೆ ಕೇಳಿಬರುತ್ತದೆ. ಇದೊಂದನ್ನೇ ನಂಬುವುದು ತರವಲ್ಲವೆಂದು ನಮ್ಮ ಅಭಿಪ್ರಾಯ. ಕೋಣೆಯೇ ತಂಪಾಗಿದ್ದರೆ ಸಾಧಾರಣ ಬ್ಲಾಕೂ ಗೆದ್ದಂತೆ ತೋರುತ್ತದೆ. ಪ್ರೊಸೆಸರಿಗೂ ಒಳಹೊಗುವ ನೀರಿಗೂ ಇರುವ ಉಷ್ಣತೆಯ ಅಂತರವನ್ನು, ಶಾಖದ ವ್ಯಾಟುಗಳಿಂದ ಭಾಗಿಸಬೇಕು. 200 ವ್ಯಾಟಿಗೆ ಅಂತರ 30 ಡಿಗ್ರಿಯಾದರೆ, ವ್ಯಾಟಿಗೆ 0.15 ಡಿಗ್ರಿ. ನೀರಿನ ಹರಿವು ಸಮನಾಗಿದ್ದಾಗ ಈ ಸಂಖ್ಯೆ ಕಿರಿದಾದಷ್ಟೂ ಬ್ಲಾಕು ಮೇಲು.

ಸೂಕ್ಷ್ಮ ಕಾಲುವೆಗಳು ಶಾಖವನ್ನು ಬಲು ಚೆನ್ನಾಗಿ ಸೆಳೆಯುತ್ತವೆಂದು 1981ರಲ್ಲಿ ಅಮೆರಿಕದ ಟಕರ್‌ಮನ್ ಮತ್ತು ಪೀಸ್ ತೋರಿಸಿಕೊಟ್ಟರು. ಆದರೆ ಕಾಲುವೆ ಕಿರಿದಾದಷ್ಟೂ ಪಂಪಿನ ಶ್ರಮ ಹೆಚ್ಚು. ಕಸ ಕಟ್ಟಿಕೊಳ್ಳುವ ಭಯವೂ ಹೆಚ್ಚು. ಈ ಅಂಕಿಗಳನ್ನು ಹೇಳದ ಬ್ಲಾಕನ್ನು ಕೊಳ್ಳದಿರುವುದೇ ಲೇಸು.