ಕಸಿ ಗೆದ್ದ ಮೇಲೂ ಬಿಡದ ಕಾಟ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯವರಿಗೆ ಅಸ್ಥಿಮಜ್ಜೆ ಕಸಿ ಎಂದರೆ ಹೆಚ್ಚಾಗಿ ಮುಂಬೈ, ಬೆಂಗಳೂರು ಇಲ್ಲವೇ ವೆಲ್ಲೂರಿನ ದಾರಿ. ಭಾರತದ ಮೊದಲ ಕಸಿ 1983ರಲ್ಲಿ ಮುಂಬೈನ ಟಾಟಾ ಆಸ್ಪತ್ರೆಯಲ್ಲಿ ನಡೆಯಿತು. ವೆಲ್ಲೂರಿನಲ್ಲಿ ಶುರುವಾದದ್ದು 1986ರಲ್ಲಿ. ಜನ ಇದನ್ನು ಆಪರೇಷನ್ ಎನ್ನುತ್ತಾರೆ. ನಿಜವಾಗಿ ರೋಗಿಗೆ ಕತ್ತರಿ ತಾಗುವುದೇ ಇಲ್ಲ. ಕಿಮೋದಿಂದ ಹಳೆಯ ಮಜ್ಜೆಯನ್ನು ಬರಿದು ಮಾಡಿ, ದಾನಿಯ ಕಾಂಡಕೋಶಗಳನ್ನು ರಕ್ತ ಏರಿಸಿದ ಹಾಗೆಯೇ ಏರಿಸುತ್ತಾರೆ.

ಊರಿಗೆ ಮರಳಿದ ಕೆಲವರಿಗೆ ಆರು ತಿಂಗಳಿಗೋ ವರ್ಷಕ್ಕೋ ಹೊಸ ತೊಂದರೆ ಶುರುವಾಗುತ್ತದೆ. ರೊಟ್ಟಿಯ ಜೊತೆಗಿನ ರಂಜಕ ನಾಲಿಗೆಗೆ ಸೋಕಿದರೂ ಸಾಕು, ಬಾಯಿ ಉರಿಯುತ್ತದೆ. ಕಣ್ಣು ಒಣಗಿ ಚುಚ್ಚುತ್ತದೆ, ಚರ್ಮ ಬಿಗಿಯುತ್ತದೆ, ಮೊಣಕೈ ಪೂರ್ತಿ ಚಾಚಲಾಗುವುದಿಲ್ಲ. ಬಾಯಿಗೆ ಹಲ್ಲಿನ ಡಾಕ್ಟರು, ಕಣ್ಣಿಗೆ ಕಣ್ಣಿನ ಡಾಕ್ಟರು, ಚರ್ಮಕ್ಕೆ ಅಂಗಡಿಯ ಮುಲಾಮು. ಇವೆಲ್ಲ ಒಂದೇ ರೋಗ ಎಂಬುದು ಯಾರಿಗೂ ಹೊಳೆಯುವುದಿಲ್ಲ. ವೈದ್ಯರು ಇದನ್ನು ದೀರ್ಘಕಾಲಿಕ ಜಿವಿಎಚ್‌ಡಿ (ಗ್ರಾಫ್ಟ್ ವರ್ಸಸ್ ಹೋಸ್ಟ್ ಡಿಸೀಸ್) ಎನ್ನುತ್ತಾರೆ.

ಕಿಡ್ನಿ ಕಸಿಯಲ್ಲಿ ರೋಗಿಯ ದೇಹ ಹೊಸ ಅಂಗವನ್ನು ತಿರಸ್ಕರಿಸೀತೆಂಬ ಭಯ. ಇಲ್ಲಿ ಎಲ್ಲ ತಿರುಗುಮುರುಗು: ಬಂದ ಕೋಶಗಳೇ ದೇಹವನ್ನು ಪರಕೀಯವೆಂದು ಬಗೆಯುತ್ತವೆ. ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದ ಪೊಲೀಸ ಊರವರ ಗುರುತಿಲ್ಲದೆ ಸಿಕ್ಕವರನ್ನೆಲ್ಲ ಠಾಣೆಗೆ ಎಳೆದಂತೆ. ಕೋಶಗಳ ಗುರುತಾದ ಎಚ್‌ಎಲ್‌ಎ ಪೂರ್ತಿ ಹೊಂದುವ ಒಡಹುಟ್ಟಿದವರೇ ದಾನಿಯಾದರೂ ಸಣ್ಣಪುಟ್ಟ ಪ್ರೋಟೀನುಗಳ ವ್ಯತ್ಯಾಸ ಉಳಿದೇ ಇರುತ್ತದೆ. ದಾನಿಯ ರೋಗನಿರೋಧಕ ಪಡೆಯ ಟಿ ಕೋಶಗಳಿಗೆ ಅಷ್ಟೇ ನೆವ ಸಾಕು.

ತನ್ನದು ಯಾವುದು, ಪರರದು ಯಾವುದು ಎಂದು ಟಿ ಕೋಶಗಳಿಗೆ ಕಲಿಸುವುದು ಎದೆಮೂಳೆಯ ಹಿಂದಿನ ಥೈಮಸ್ ಗ್ರಂಥಿ. ವಯಸ್ಸಾದಂತೆ ಅದು ಕುಗ್ಗುತ್ತದೆ. ಕಿಮೋ, ವಿಕಿರಣ, ಕಸಿಯ ಮೊದಲ ತಿಂಗಳುಗಳ ಉರಿಯೂತ ಅದನ್ನು ಇನ್ನಷ್ಟು ಹಾಳುಮಾಡುತ್ತವೆ. ಸರಿಯಾಗಿ ಕಲಿಯದ ಕೋಶಗಳು ರಕ್ತಕ್ಕೆ ಇಳಿಯುತ್ತವೆ. ಅವನ್ನು ಹದ್ದುಬಸ್ತಿನಲ್ಲಿಡಬೇಕಾದ ನಿಯಂತ್ರಕ ಟಿ ಕೋಶಗಳ ಸಂಖ್ಯೆಯೂ ಕಡಿಮೆ. (2025ರ ವೈದ್ಯಕೀಯ ನೊಬೆಲ್ ಸಂದದ್ದು ಈ ನಿಯಂತ್ರಕ ಕೋಶಗಳ ಶೋಧಕ್ಕೇ.) ಬಿ ಕೋಶಗಳು ದೇಹದ ವಿರುದ್ಧವೇ ಪ್ರತಿಕಾಯ ತಯಾರಿಸುತ್ತವೆ. ಕೊನೆಗೆ ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳು ಬಂದು ಕೊಲಾಜೆನ್ ನೇಯುವ ಕೋಶಗಳನ್ನು ಕೆಣಕುತ್ತವೆ. ಗಾಯ ಮಾಯಲು ಬೇಕಾದ ಆ ನಾರು ಎಲ್ಲಿ ಬೇಡವೋ ಅಲ್ಲಿ ಗಟ್ಟಿಯಾಗುತ್ತದೆ. ಚರ್ಮ ಬಿಗಿಯುವುದೂ ಶ್ವಾಸಕೋಶದ ಕಿರುನಾಳ ಕಟ್ಟುವುದೂ ಹೀಗೆಯೇ.

ಹಾಗಾದರೆ ಟಿ ಕೋಶಗಳನ್ನು ಸೋಸಿ ತೆಗೆದುಬಿಟ್ಟರಾಯಿತಲ್ಲ? ವೈದ್ಯರು ಅದನ್ನೂ ಮಾಡಿ ನೋಡಿದರು. ಆದರೆ 2,000ಕ್ಕೂ ಹೆಚ್ಚು ರೋಗಿಗಳ ದಾಖಲೆ ಜಾಲಾಡಿದ 1990ರ ಅಧ್ಯಯನದಲ್ಲಿ, ಟಿ ಕೋಶ ತೆಗೆದ ಮಜ್ಜೆ ಪಡೆದವರಲ್ಲೂ ತದ್ರೂಪಿ ಅವಳಿಯಿಂದ ಮಜ್ಜೆ ಪಡೆದವರಲ್ಲೂ ರಕ್ತಕ್ಯಾನ್ಸರ್ ಹೆಚ್ಚಾಗಿ ಮರುಕಳಿಸಿತ್ತು. ಕಾಡುವ ಕೋಶಗಳೇ ಅಳಿದುಳಿದ ಕ್ಯಾನ್ಸರನ್ನೂ ಹುಡುಕಿ ಕೊಲ್ಲುತ್ತವೆ. ಕ್ಯಾನ್ಸರ್ ಅಲ್ಲದ ಥಲಸ್ಸೀಮಿಯಾದ ಮಗುವಿಗೆ ಆ ಲಾಭ ಬೇಕಿಲ್ಲ, ಅಲ್ಲಿ ಜಿವಿಎಚ್‌ಡಿ ಬರೀ ನಷ್ಟ. ಆದ್ದರಿಂದ ಪಕ್ಕದ ಮನೆಯವರ ಕಸಿಯ ಕತೆ ಕೇಳಿ ನಮ್ಮ ಮನೆಯವರ ಚಿಕಿತ್ಸೆ ಅಳೆಯುವುದು ಸರಿಯಲ್ಲ.

ಕಾಂಡಕೋಶ ಎಲ್ಲಿಂದ ತೆಗೆದರು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಸಂಬಂಧಿಕರಲ್ಲದ ದಾನಿಗಳ ಕುರಿತ 2012ರ ಅಮೆರಿಕದ ಅಧ್ಯಯನದಲ್ಲಿ, ಎರಡು ವರ್ಷದ ಹೊತ್ತಿಗೆ ಈ ಕಾಟ ರಕ್ತದಿಂದ ಪಡೆದ ಕಾಂಡಕೋಶದಲ್ಲಿ ಶೇ 53, ಮಜ್ಜೆಯದರಲ್ಲಿ ಶೇ 41. ಕಸಿಯ ನಂತರ ಮೂರನೇ, ನಾಲ್ಕನೇ ದಿನ ಕೊಡುವ ಸೈಕ್ಲೋಫಾಸ್ಫಮೈಡ್ ಅಪಾಯವನ್ನು ಸಾಕಷ್ಟು ತಗ್ಗಿಸಿದೆ. ಬಂದ ಮೇಲೆ ಮೊದಲ ಮದ್ದು ಈಗಲೂ ಸ್ಟೀರಾಯ್ಡ್. ಅದಕ್ಕೆ ಬಗ್ಗದಿದ್ದರೆ ರಕ್ಸೊಲಿಟಿನಿಬ್, ಬೆಲುಮೊಸುಡಿಲ್‌ನಂಥ ಗುಳಿಗೆಗಳಿವೆ. 2024ರಲ್ಲಿ ಅಮೆರಿಕ ಒಪ್ಪಿದ ಆಕ್ಸಾಟಿಲಿಮ್ಯಾಬ್ ನೇರವಾಗಿ ಮ್ಯಾಕ್ರೋಫೇಜ್‌ಗಳ ಮೇಲೆಯೇ ಗುರಿಯಿಡುತ್ತದೆ. ಇಂಥ ದುಬಾರಿ ಮದ್ದು ನಮ್ಮ ಹಳ್ಳಿಯ ಮನೆಗೆ ನಿಲುಕುವುದು ಸುಲಭವಲ್ಲ.

ಕೊರೊನಾ ಬಂದಾಗಿನಿಂದ ಮನೆಮನೆಯಲ್ಲೂ ರೋಗನಿರೋಧಕ ಶಕ್ತಿ ಹೆಚ್ಚಿಸುವ ಕಷಾಯದ ಹುಚ್ಚು. ಇಂಥ ರೋಗಿಗೆ ಅದು ತಪ್ಪು ಸಲಹೆ. ಇಲ್ಲಿರುವುದು ಶಕ್ತಿಯ ಕೊರತೆಯಷ್ಟೇ ಅಲ್ಲ, ದಿಕ್ಕು ತಪ್ಪಿದ ಶಕ್ತಿ. ಕಸಿ ಮಾಡಿದ ವೈದ್ಯರಿಗೆ ಹೇಳದೆ ಅಶ್ವಗಂಧವನ್ನೂ ಕೊಡಬೇಡಿ. ಬಿಸಿಲು ಚರ್ಮದ ಜಿವಿಎಚ್‌ಡಿಯನ್ನು ಕೆರಳಿಸುತ್ತದೆ. ಕಬ್ಬಿನ ಗದ್ದೆಗೆ ಹೋಗಲೇಬೇಕಾದರೆ ತುಂಬು ತೋಳಿನ ಅಂಗಿ, ಅಗಲ ಟೋಪಿ ಇರಲಿ. ಕಸಿಯಾಗಿ ನೂರು ದಿನ ದಾಟಿದರೆ ಪಾರಾದೆವೆಂಬ ಲೆಕ್ಕವೂ ಬೇಡ. ಯಾವ ವೈದ್ಯರ ಬಳಿ ಹೋದರೂ ಮೊದಲು ಕಸಿಯ ಫೈಲು ತೋರಿಸಿ. ಶ್ವಾಸಕೋಶದ ತೊಂದರೆ ಮೊದಮೊದಲು ಸದ್ದಿಲ್ಲದೆ ಬೆಳೆಯುವುದರಿಂದ ಹೇಳಿದ ಸಮಯಕ್ಕೆ ಊದುವ ಪರೀಕ್ಷೆ ಮಾಡಿಸಿ. ಮೆಟ್ಟಿಲು ಹತ್ತುವಾಗ ಹೊಸದಾಗಿ ಏದುಸಿರು ಬಂದರೆ ಮುಂದಿನ ತಿಂಗಳ ತಾರೀಖಿಗೆ ಕಾಯಬೇಡಿ. ಅಂದೇ ಕಸಿ ಕೇಂದ್ರಕ್ಕೆ ಫೋನ್ ಮಾಡಿ.